ಕಾರ್ನರ್‌ನ ಲೆಕ್ಕ ಬೇರೆ, ಓಟದ ಲೆಕ್ಕ ಬೇರೆ

ಪ್ರಶ್ನೆ: ನಾನೂ ನನ್ನ ಭಾವಮೈದುನನೂ ಲಂಡನ್ನಿನ ಆರ್ಸೆನಲ್ ಫುಟ್‌ಬಾಲ್ ತಂಡದ ಅಭಿಮಾನಿಗಳು. ವಾರಾಂತ್ಯದ ರಾತ್ರಿ ಒಟ್ಟಿಗೆ ಕುಳಿತು ಪಂದ್ಯ ನೋಡುತ್ತೇವೆ. ತಂಡದ ಬಲಬದಿಯ ಆಟಗಾರ ಬುಕಾಯೊ ಸಾಕಾ ವಿಷಯ ಬಂದಾಗ ಮಾತ್ರ ಜಗಳವಾಗುತ್ತದೆ. 21ನೇ ವಯಸ್ಸಿಗೇ ಅವರ ಬೆಳವಣಿಗೆ ನಿಂತಿತು, ಆಮೇಲಿನದೆಲ್ಲ ಕಾರ್ನರ್ (ಮೈದಾನದ ಮೂಲೆಯಿಂದ ಒದೆಯುವ ಚೆಂಡು) ಮತ್ತು ಪೆನಾಲ್ಟಿಗಳಿಂದ ಉಬ್ಬಿದ ಅಂಕಿ ಎಂಬುದು ಅವನ ವಾದ. ವರ್ಷದಿಂದ ವರ್ಷಕ್ಕೆ ಸುಧಾರಿಸಿದ್ದಾರೆ ಎಂಬುದು ನನ್ನದು. ವಿಂಗರ್ (ಬದಿಯಲ್ಲಿ ಆಡುವ ದಾಳಿಗಾರ) ಒಬ್ಬ ಸುಧಾರಿಸಿದ್ದಾನೋ ಇಲ್ಲವೋ ಎಂದು ನಮ್ಮಂಥ ನೋಡುಗರು ತಿಳಿಯುವುದು ಹೇಗೆ? ಕಾರ್ನರ್‌ನಿಂದ ಬಂದ ಅಸಿಸ್ಟನ್ನು, ಅಂದರೆ ಇನ್ನೊಬ್ಬರ ಗೋಲಿಗೆ ಚೆಂಡು ಕೊಟ್ಟ ನೆರವನ್ನು, ಲೆಕ್ಕಕ್ಕೆ ಹಿಡಿಯಬೇಕೇ? ಇನ್ನೊಂದು ವಿಷಯ: ನನ್ನ ಮಗಳಿಗೆ 14 ವರ್ಷ. ಎಡಗಾಲಿನ ಆಟಗಾರ್ತಿ, ಶಾಲಾ ತಂಡದಲ್ಲಿ ಬಲಬದಿಗೆ ಆಡುತ್ತಾಳೆ. ಕಾರ್ನರ್ ಒದೆಯಲು ಅವಳಿಗೆ ಆಸೆ, ಕೋಚ್ ಕೊಡುತ್ತಿಲ್ಲ. ನಾನು ಹೋಗಿ ಕೇಳಬಹುದೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಅಂಕಿಯನ್ನು ಅನುಮಾನಿಸುವ ಮಟ್ಟಿಗೆ ನಿಮ್ಮ ಭಾವಮೈದುನ ಸರಿಯಾದ ದಾರಿಯಲ್ಲೇ ಇದ್ದಾರೆ. ಆ ಅನುಮಾನದಿಂದ ಹೊರಡಿಸಿದ ತೀರ್ಪು ಮಾತ್ರ ತಪ್ಪು. ತೀರ್ಪಿನಲ್ಲಿ ನೀವು ಗೆದ್ದಿದ್ದೀರಿ, ಆದರೆ ನೀವು ಮುಂದಿಟ್ಟ ಸಾಕ್ಷಿ ಬಹುಶಃ ಗೋಲುಗಳ ಪಟ್ಟಿಯೇ ಆಗಿರುತ್ತದೆ. ಅದು ಬಹಳ ಬಡಕಲು ಸಾಕ್ಷಿ.

ಪಟ್ಟಿಯನ್ನೇ ಮೊದಲು ನೋಡೋಣ. ಪ್ರೀಮಿಯರ್ ಲೀಗ್‌ನಲ್ಲಿ ಸಾಕಾ ಹೊಡೆದ ಗೋಲುಗಳು 2019–20ರಲ್ಲಿ 1, ಮರುವರ್ಷ 5, ಆಮೇಲೆ 11, 14, 2023–24ರಲ್ಲಿ 16. ಮೆಟ್ಟಿಲು ಹತ್ತಿದ ಹಾಗೆ ಕಾಣುತ್ತದೆ. ಆದರೆ ಆ 16ರಲ್ಲಿ 6 ಪೆನಾಲ್ಟಿಗಳು. ಕಳೆದರೆ ಉಳಿಯುವುದು 10. ಪೆನಾಲ್ಟಿಯನ್ನು ವಿಂಗರ್‌ನ ಆಟಕ್ಕೆ ಸೇರಿಸುವುದೆಂದರೆ ಅಡುಗೆಯವನ ಕೈರುಚಿ ಅಳೆಯುವಾಗ ಅವನು ಬಡಿಸುವ ಚಂದವನ್ನೂ ಸೇರಿಸಿದಂತೆ. ಚಂದ ಬಡಿಸುವುದೂ ಒಂದು ಗುಣವೇ, ಆದರೆ ಸಾರಿನ ಹುಳಿ ಅದರಿಂದ ಸರಿಹೋಗುವುದಿಲ್ಲ.

ಸಾಕಾ ವಿಷಯದಲ್ಲಿ ಪೆನಾಲ್ಟಿಯ ಕಥೆಯೇ ಬೇರೆ. 2021ರ ಜುಲೈ 11ರಂದು ಲಂಡನ್ನಿನ ವೆಂಬ್ಲಿಯಲ್ಲಿ ಯೂರೋ (ಯುರೋಪಿನ ದೇಶಗಳ ಕಪ್) ಫೈನಲ್. ಸಮಬಲದ ಪಂದ್ಯವನ್ನು ಪೆನಾಲ್ಟಿಗಳಿಂದ ತೀರ್ಮಾನಿಸುವ ಶೂಟೌಟ್‌ನಲ್ಲಿ, ಇಟಲಿ ವಿರುದ್ಧ ಇಂಗ್ಲೆಂಡ್‌ನ ಐದನೆಯ ಒದೆತಕ್ಕೆ ಕಳುಹಿಸಿದ್ದು 19ರ ಹುಡುಗನನ್ನು. ಇಟಲಿಯ ಗೋಲ್‌ಕೀಪರ್ ಡೊನ್ನರುಮ್ಮಾ ತಡೆದರು, ಇಂಗ್ಲೆಂಡ್ ಸೋತಿತು, ಆಮೇಲೆ ಆ ಹುಡುಗನ ಮೇಲೆ ಸುರಿದ ಜನಾಂಗೀಯ ನಿಂದನೆಯನ್ನು ನಾವೆಲ್ಲ ನೋಡಿದ್ದೇವೆ. ಒಂಬತ್ತು ತಿಂಗಳು ಕಳೆದು, 2022ರ ಏಪ್ರಿಲ್ 20ರಂದು ಚೆಲ್ಸಿಯ ಅಂಗಳದಲ್ಲಿ ಅದೇ ಸಾಕಾ ಚೆಂಡನ್ನು ಕೈಗೆತ್ತಿಕೊಂಡು ಪೆನಾಲ್ಟಿ ಗುರುತಿನ ಮೇಲಿಟ್ಟು ಗೋಲು ಹೊಡೆದರು. ಮರುವರ್ಷ ವೆಸ್ಟ್‌ಹ್ಯಾಮ್ ವಿರುದ್ಧ ಹೊರಗೆ ಒದ್ದರು. 2024ರ ಯೂರೋ ಕ್ವಾರ್ಟರ್ ಫೈನಲ್‌ನಲ್ಲಿ ಸ್ವಿಟ್ಜರ್ಲೆಂಡ್ ವಿರುದ್ಧ ಸಮಬಲದ ಗೋಲನ್ನೂ ಹೊಡೆದು, ಶೂಟೌಟ್‌ನಲ್ಲಿ ತಮ್ಮ ಸರದಿಯನ್ನೂ ಒಳಗೆ ಹಾಕಿದರು. ಇದು ಮನುಷ್ಯನೊಬ್ಬ ಗಟ್ಟಿಯಾದ ಲೆಕ್ಕ. ಇದಕ್ಕೆ ಬೇರೆ ಪುಸ್ತಕ ಇಡಿ. ಬಲಬದಿಯ ಆಟದ ಪುಸ್ತಕದಲ್ಲಿ ಬರೆಯಬೇಡಿ.

ಹಾಗಾದರೆ ಬಲಬದಿಯ ಪುಸ್ತಕದಲ್ಲಿ ಏನಿರಬೇಕು?

ಇಪ್ಪತ್ತು ವರ್ಷಗಳಿಂದ ಬೆಳಗಿನ ಹೊತ್ತು ಮಕ್ಕಳಿಗೆ ತರಬೇತಿ ಕೊಡುತ್ತಿದ್ದೇನೆ. ಬದಿಯಲ್ಲಿ ಆಡುವ ಹುಡುಗರನ್ನು ಅಳೆಯಲು ನಾನು ನೋಡುವುದು ಮುಖ್ಯವಾಗಿ ಒಂದೇ ಕ್ಷಣವನ್ನು. ಎರಡನೆಯ ಎದುರಾಳಿ ಬಂದಾಗ ಏನು ಮಾಡುತ್ತಾನೆ? ಮೊದಲನೆಯವನನ್ನು ದಾಟುವುದು ವೇಗದಿಂದಲೂ ಆಗುತ್ತದೆ, ಹುಟ್ಟಿನಿಂದ ಬಂದ ಚಳಕದಿಂದಲೂ ಆಗುತ್ತದೆ. ಅದಕ್ಕೇ ಹದಿನಾರರ ಹುಡುಗರು ಮೈದಾನದಲ್ಲಿ ದೇವತೆಗಳಂತೆ ಕಾಣುತ್ತಾರೆ. ಎರಡನೆಯವನು ಬಂದು ಓಡುವ ಜಾಗ ಕೊಡೆಯಷ್ಟಕ್ಕೆ ಕುಗ್ಗಿದಾಗ ವೇಗ ಕೈಕೊಡುತ್ತದೆ. ಆಗ ಮೂರೇ ದಾರಿ: ಇಬ್ಬರ ನಡುವೆ ನುಗ್ಗಿ ಕಳೆದುಕೊಳ್ಳುವುದು, ಬೆನ್ನು ತಿರುಗಿಸಿ ಹಿಂದಕ್ಕೆ ಕೊಡುವುದು, ಅಥವಾ ಆ ಇಬ್ಬರನ್ನೂ ತನ್ನತ್ತ ಇನ್ನೊಂದು ಹೆಜ್ಜೆ ಎಳೆದುಕೊಂಡು, ಅವರು ಬಿಟ್ಟುಬಂದ ಜಾಗಕ್ಕೆ ಚೆಂಡು ಕಳುಹಿಸುವುದು. ಮೊದಲನೆಯದು ಹದಿನೆಂಟರ ಉತ್ತರ, ಎರಡನೆಯದು ಹೆದರಿದವನ ಉತ್ತರ. ಮೂರನೆಯದನ್ನು ಕಲಿಯಲು ವರ್ಷಗಳು ಬೇಕು.

ಸಾಕಾ ಈ ಮೂರನೆಯದಕ್ಕೆ ಬಂದ ದಾರಿ ನೇರವಾಗಿರಲಿಲ್ಲ. 2018ರ ನವೆಂಬರ್‌ನಲ್ಲಿ, 17ನೇ ವಯಸ್ಸಿನಲ್ಲಿ, ಯೂರೋಪಾ ಲೀಗ್‌ನಲ್ಲಿ ವೋರ್ಸ್ಕ್ಲಾ ಪೋಲ್ಟಾವಾ ವಿರುದ್ಧ ಮೊದಲ ಬಾರಿ ಹಿರಿಯರ ತಂಡಕ್ಕೆ ಆಡಿದರು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಒಂದು ಗೋಲು ಹೊಡೆದು ಇನ್ನೆರಡಕ್ಕೆ ನೆರವಾದಾಗ ಅವರು ಎಡಬದಿಯಲ್ಲಿದ್ದರು, ಎಡಗಾಲಿನವರಿಗೆ ಸಹಜವಾದ ಜಾಗ. ಆ ಚಳಿಗಾಲದಲ್ಲಿ ಟಿಯರ್ನಿ, ಕೊಲಾಸಿನಾಚ್ ಇಬ್ಬರೂ ಗಾಯಗೊಂಡದ್ದರಿಂದ ಅವರ ಜಾಗದಲ್ಲಿ ಲೆಫ್ಟ್‌ಬ್ಯಾಕ್ (ಎಡಬದಿಯ ಡಿಫೆಂಡರ್) ಆಗಿ ನಿಲ್ಲಬೇಕಾಯಿತು. ಹುಡುಗನ ಬೆಳವಣಿಗೆ ಹಾಳಾಗುತ್ತದೆ ಎಂದು ಅಂದು ಗೊಣಗಿದವರಲ್ಲಿ ನಾನೂ ಒಬ್ಬ. ಈಗ ನೋಡಿದರೆ ಆ ತಿಂಗಳುಗಳೇ ಅವರ ಒಳ್ಳೆಯ ಶಾಲೆ. ತನ್ನತ್ತ ಓಡಿಬರುವ ವಿಂಗರ್‌ನ ಯಾವ ಹೆಜ್ಜೆ ತನ್ನನ್ನು ಕಾಡುತ್ತದೆ, ಯಾವುದು ಕಾಡುವುದಿಲ್ಲ ಎಂಬುದನ್ನು ಡಿಫೆಂಡರ್‌ನ ಜಾಗದಲ್ಲಿ ನಿಂತೇ ಕಲಿತರು. ಆ ಋತುವಿನಲ್ಲಿ ಆರ್ಸೆನಲ್‌ನಲ್ಲಿ ಅತಿ ಹೆಚ್ಚು ಅಸಿಸ್ಟ್ ಅವರದ್ದೇ ಎನ್ನುವುದನ್ನೂ ಮರೆಯಬಾರದು.

ಆಮೇಲೆ ಬಲಬದಿಗೆ ಬಂದರು. ಎಡಗಾಲಿನವನು ಬಲಬದಿಯಲ್ಲಿ ನಿಂತರೆ ಒಳಗೆ ತಿರುಗಿ ಹೊಡೆಯುವುದು ಸಹಜ. ಎಷ್ಟು ಸಹಜವೆಂದರೆ ಎದುರಾಳಿಗೂ ಗೊತ್ತಿರುತ್ತದೆ. ಆದ್ದರಿಂದ ಫುಲ್‌ಬ್ಯಾಕ್ (ಬದಿಯ ಡಿಫೆಂಡರ್) ಒಳದಾರಿ ಮುಚ್ಚಿ, ಹೊರಗೆ, ಬಲಗಾಲಿನತ್ತ ತಳ್ಳುತ್ತಾನೆ. ಇಲ್ಲಿ ಸಾಕಾ ಮಾಡಿದ ಕೆಲಸ ಅಂಕಿಗೆ ಸಿಗುವುದಿಲ್ಲ. ಹೊರಗೆ ಹೋಗಿ ಬಲಗಾಲಿನಲ್ಲಿ ಗೆರೆಯ ಬಳಿಯಿಂದ ಹಿಂದಕ್ಕೆ ಕೊಡುವುದನ್ನು ರೂಢಿಸಿಕೊಂಡರು. ಆ ಚೆಂಡು ಹತ್ತು ಸಲಕ್ಕೆ ಎರಡು ಸಲ ಒಳ್ಳೆಯ ಜಾಗ ಸೇರಿದರೂ ಸಾಕು, ಫುಲ್‌ಬ್ಯಾಕ್‌ಗೆ ಒಳದಾರಿಯನ್ನು ಪೂರ್ತಿ ಮುಚ್ಚುವ ಧೈರ್ಯ ಬರುವುದಿಲ್ಲ. ಬಲಗಾಲು ಗೋಲು ಹೊಡೆಯದೆಯೇ ಎಡಗಾಲಿಗೆ ದಾರಿ ಮಾಡಿಕೊಡುತ್ತದೆ.

ಹೀಗಾದ ಮೇಲೆ ಎದುರಾಳಿಗಳು ಅವರ ಮೇಲೆ ಇಬ್ಬರನ್ನು ಬಿಡತೊಡಗಿದರು. ನಿಮ್ಮ ಭಾವಮೈದುನನಿಗೆ ‘ನಿಂತುಹೋದ’ ಹಾಗೆ ಕಾಣುವುದು ಬಹುಶಃ ಇದೇ. ಒಬ್ಬನನ್ನು ಎದುರಿಸಿ ದಾಟುವ ಚಿತ್ರ ಕಡಿಮೆಯಾಗಿದೆ, ಏಕೆಂದರೆ ಎದುರಿಗೆ ಒಬ್ಬನೇ ಇರುವುದೇ ಅಪರೂಪವಾಗಿದೆ. ಆದರೆ ಆ ಇಬ್ಬರು ಅಲ್ಲಿದ್ದಾರೆ ಎಂದರೆ ಬೇರೆಲ್ಲೋ ಒಬ್ಬ ಕಡಿಮೆ. ಜತೆಗಾರ ಒಡೆಗಾರ್ಡ್ ನಿಂತಲ್ಲಿ ಉಸಿರಾಡಲು ಜಾಗವಿದೆ, ಹಿಂದಿನ ಸಾಲಿನ ಬೆನ್ ವೈಟ್ ಹೊರಗಿನಿಂದ ಓಡಿಬರಲು ದಾರಿಯಿದೆ. 2025ರ ಏಪ್ರಿಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧ ಆರ್ಸೆನಲ್‌ನ ಡೆಕ್ಲನ್ ರೈಸ್ ಹೊಡೆದ ಎರಡು ಫ್ರೀ ಕಿಕ್ ಗೋಲುಗಳನ್ನು ಎಲ್ಲರೂ ನೆನೆಯುತ್ತಾರೆ. ಮೊದಲನೆಯ ಫ್ರೀ ಕಿಕ್ ಸಿಕ್ಕಿದ್ದು ಸಾಕಾ ಮೇಲಿನ ಫೌಲ್‌ನಿಂದ. ಅಸಿಸ್ಟ್ ಪಟ್ಟಿಯಲ್ಲಿ ಅದಕ್ಕೆ ಸೊನ್ನೆ.

ನೋಡುಗರಾಗಿ ನೀವು ಮಾಡಬಹುದಾದ ಪರೀಕ್ಷೆ ಸುಲಭ, ಆದರೆ ಬೇಸರದ್ದು. ಒಂದು ಪಂದ್ಯದ ಹದಿನೈದು ನಿಮಿಷ ಚೆಂಡನ್ನು ನೋಡಬೇಡಿ, ಆಟಗಾರನನ್ನು ಮಾತ್ರ ನೋಡಿ. ಟಿವಿಯಲ್ಲಿ ಅವರು ಚೌಕಟ್ಟಿನಿಂದ ಹೊರಗೆ ಹೋಗುತ್ತಾರೆ, ಅದೊಂದು ಕಿರಿಕಿರಿ. ಕಂಡಷ್ಟನ್ನೇ ಬರೆದುಕೊಳ್ಳಿ. ಚೆಂಡು ಕಾಲಿಗೆ ಬರುವ ಮೊದಲೇ ಸೊಂಟ ಗೋಲಿನತ್ತ ತಿರುಗಿತ್ತೋ, ತನ್ನ ಗೋಲಿನತ್ತ ಇತ್ತೋ? ಎರಡನೆಯ ಎದುರಾಳಿ ಬಂದಾಗ ಮೇಲೆ ಹೇಳಿದ ಮೂರರಲ್ಲಿ ಯಾವುದು? ಕಳೆದುಕೊಂಡ ಮೇಲಿನ ಐದು ಸೆಕೆಂಡ್ ಏನು ಮಾಡಿದರು, ಕೈಚೆಲ್ಲಿ ರೆಫ್ರಿಯತ್ತ ನೋಡಿದರೋ, ಹಿಂದೆ ಓಡಿದರೋ? ಒಂದು ಪಂದ್ಯದಿಂದ ಏನೂ ತಿಳಿಯುವುದಿಲ್ಲ. ಆರು ಪಂದ್ಯಗಳ ಚೀಟಿಗಳನ್ನು ಜೋಡಿಸಿದರೆ ಜಗಳಕ್ಕೆ ವಸ್ತು ಸಿಗುತ್ತದೆ. ನಾವು ಅಭಿಮಾನಿಗಳು ಪಂದ್ಯದ ಕೊನೆಯ ಹತ್ತು ನಿಮಿಷವನ್ನೇ ಇಡೀ ಪಂದ್ಯವೆಂದು ನೆನಪಿಟ್ಟುಕೊಳ್ಳುವ ಜನ. ಕಾಗದ ಅಷ್ಟು ಭಾವುಕವಲ್ಲ.

ಇನ್ನು ಕಾರ್ನರ್. ನಿಮ್ಮ ಪ್ರಶ್ನೆಯಲ್ಲಿ ನನಗೆ ಹೆಚ್ಚು ಇಷ್ಟವಾದ ಭಾಗ ಇದು.

ಬಲಮೂಲೆಯಿಂದ ಎಡಗಾಲಿನಲ್ಲಿ ಒದ್ದ ಚೆಂಡು ಗೋಲಿನತ್ತಲೇ ಬಾಗುತ್ತದೆ. 68 ಮೀಟರ್ ಅಗಲದ ಮೈದಾನದಲ್ಲಿ ಮೂಲೆಯ ಬಾವುಟದಿಂದ ಹತ್ತಿರದ ಗೋಲುಕಂಬಕ್ಕೆ ಸುಮಾರು 30 ಮೀಟರ್. ಆ ದೂರ ದಾಟಿ ಬರುವ ಚೆಂಡು ಮೊದಲ ಡಿಫೆಂಡರ್‌ನ ತಲೆಯ ಮೇಲೆ ಹಾದು, ಗೋಲ್‌ಕೀಪರ್ ಮುಂದೆ ಬರಲೋ ಬೇಡವೋ ಎಂದು ತಡವರಿಸುವ ಜಾಗದಲ್ಲಿ ಇಳಿಯಬೇಕು. ಹಾಗೆ ಇಳಿದರೆ ತಲೆ ತಾಗಿಸಿದರೂ ಗೋಲು, ಕೆಲವೊಮ್ಮೆ ಯಾರೂ ತಾಗಿಸದಿದ್ದರೂ ಅಪಾಯ. ಕಾರ್ನರ್‌ನಿಂದ ನೇರವಾಗಿ ಚೆಂಡು ಪಡೆಯುವವನಿಗೆ ಆಫ್‌ಸೈಡ್ (ಎದುರಾಳಿಗಳನ್ನು ದಾಟಿ ಮುಂದೆ ನಿಂತು ಚೆಂಡು ಪಡೆಯಬಾರದೆಂಬ ನಿಯಮ) ಇಲ್ಲ. ಆದ್ದರಿಂದ ಗೋಲ್‌ಕೀಪರ್‌ನ ಮೂಗಿನ ಮುಂದೆಯೇ ಜನ ನಿಲ್ಲಬಹುದು.

2021ರ ಬೇಸಿಗೆಯಲ್ಲಿ ಮ್ಯಾಂಚೆಸ್ಟರ್ ಸಿಟಿಯಿಂದ ಆರ್ಸೆನಲ್‌ಗೆ ಬಂದ ಸೆಟ್‌ಪೀಸ್ (ಕಾರ್ನರ್, ಫ್ರೀ ಕಿಕ್‌ನಂಥ ನಿಂತ ಚೆಂಡಿನ ಒದೆತ) ಕೋಚ್ ನಿಕೊಲಾ ಜೊವೆರ್ ಕಟ್ಟಿದ ವ್ಯವಸ್ಥೆಯಲ್ಲಿ ಇಂಥ ಒದೆತವೇ ಬುನಾದಿ. ಬಲದಿಂದ ಸಾಕಾ ಎಡಗಾಲಿನಲ್ಲಿ, 2023ರ ನಂತರ ಎಡದಿಂದ ರೈಸ್ ಬಲಗಾಲಿನಲ್ಲಿ. ಎರಡೂ ಗೋಲಿನತ್ತ ಬಾಗುವ ಚೆಂಡುಗಳು. ದೂರದ ಕಂಬದ ಬಳಿ ಗುಂಪು ಕೂಡುತ್ತದೆ, ಒದೆಯುವ ಕ್ಷಣಕ್ಕೆ ಗುಂಪು ಒಡೆದು ಮುಂದಕ್ಕೆ ಓಡುತ್ತದೆ, ವೈಟ್ ಗೋಲ್‌ಕೀಪರ್‌ನ ದಾರಿಗೆ ಅಡ್ಡ ನಿಲ್ಲುತ್ತಾರೆ, ಡಿಫೆಂಡರ್ ಗೇಬ್ರಿಯಲ್ ಎತ್ತರಕ್ಕೆ ಏಳುತ್ತಾರೆ. 2023–24ರ ಲೀಗ್‌ನಲ್ಲಿ ಆರ್ಸೆನಲ್ ಕಾರ್ನರ್‌ಗಳಿಂದಲೇ 16 ಗೋಲು ಗಳಿಸಿತು. ಸಾಮಾನ್ಯವಾಗಿ ನೂರು ಕಾರ್ನರ್‌ಗಳಲ್ಲಿ ಗೋಲಾಗುವುದು ಮೂರೋ ನಾಲ್ಕೋ ಎಂಬುದನ್ನು ನೆನಪಿಟ್ಟರೆ ಇದರ ತೂಕ ತಿಳಿಯುತ್ತದೆ.

ಈ ಗೋಲುಗಳ ಕರ್ತೃ ಯಾರು? ಯಕ್ಷಗಾನದಲ್ಲಿ ವೇಷದ ಪ್ರವೇಶಕ್ಕೆ ಜನ ಕೇಕೆ ಹಾಕುತ್ತಾರೆ. ಆ ಪ್ರವೇಶದ ಕ್ಷಣವನ್ನು ಭಾಗವತರು ಹಿಡಿದು ಬಿಟ್ಟದ್ದನ್ನು ಹಿಂದಿನ ಸಾಲಿನ ಮುದುಕರು ಮಾತ್ರ ಗಮನಿಸಿರುತ್ತಾರೆ. ಕಾರ್ನರ್ ಒದೆಯುವವನು ಆ ಭಾಗವತ. ಅಸಿಸ್ಟ್ ಎಂಬ ಅಂಕಿ ಅವನಿಗೆ ಒಮ್ಮೆ ಹೆಚ್ಚು ಕೊಡುತ್ತದೆ, ಒಮ್ಮೆ ಕಿತ್ತುಕೊಳ್ಳುತ್ತದೆ. 2024ರ ಏಪ್ರಿಲ್ 28ರಂದು ಟಾಟನ್‌ಹ್ಯಾಮ್ ಅಂಗಳದಲ್ಲಿ ನಡೆದದ್ದನ್ನೇ ನೋಡಿ. ಸಾಕಾ ಒದ್ದ ಕಾರ್ನರನ್ನು ಟಾಟನ್‌ಹ್ಯಾಮ್‌ನ ಹೊಯ್‌ಬಿಯರ್ ತಮ್ಮದೇ ಗೋಲಿಗೆ ತಳ್ಳಿದರು. ಅಮೋಘ ಒದೆತ, ಅಸಿಸ್ಟ್ ಇಲ್ಲ. ಅದೇ ಪಂದ್ಯದಲ್ಲಿ ರೈಸ್ ಒದ್ದ ಕಾರ್ನರ್‌ಗೆ ಆರ್ಸೆನಲ್‌ನ ಹ್ಯಾವರ್ಟ್ಜ್ ತಲೆ ಕೊಟ್ಟು ಗೋಲು ಮಾಡಿದರು. ರೈಸ್‌ಗೆ ಅಸಿಸ್ಟ್. ಎರಡು ಒದೆತಗಳ ಗುಣದಲ್ಲಿ ವ್ಯತ್ಯಾಸ ಹುಡುಕಿದರೆ ನನಗೆ ಸಿಗುವುದಿಲ್ಲ. ಐದು ತಿಂಗಳ ನಂತರ ಅದೇ ಅಂಗಳದಲ್ಲಿ ಸಾಕಾ ಕಾರ್ನರ್‌ಗೆ ಗೇಬ್ರಿಯಲ್ ಹೆಡರ್, 1–0 ಗೆಲುವು. ಒಂದು ವಾರ ಕಳೆದು ಮ್ಯಾಂಚೆಸ್ಟರ್ ಸಿಟಿ ವಿರುದ್ಧ ಮತ್ತೆ ಅದೇ ಜೋಡಿ, ಅದೇ ಗೋಲು. ಆ ಪಂದ್ಯದಲ್ಲಿ ಸಿಟಿಯ ಸ್ಟೋನ್ಸ್ ಕೊನೆಯ ಗಳಿಗೆಯಲ್ಲಿ ಸಮಬಲ ಸಾಧಿಸಿದ್ದೂ ಒಂದು ಚಿಕ್ಕ ಕಾರ್ನರ್‌ನ ಬೆನ್ನಿಗೇ, ಅದು ಬೇರೆ ಸಂಕಟ.

ಆದ್ದರಿಂದ ನನ್ನ ಉತ್ತರ ಹೀಗೆ: ಕಾರ್ನರ್‌ನ ಅಸಿಸ್ಟನ್ನು ಎಣಿಸಬೇಡಿ, ಕಾರ್ನರನ್ನು ಎಣಿಸಿ. ಎಷ್ಟು ಒದೆತಗಳು ಮೊದಲ ಡಿಫೆಂಡರ್‌ನನ್ನು ದಾಟಿದವು, ಎಷ್ಟು ಆ ತಡವರಿಕೆಯ ಜಾಗದಲ್ಲಿ ಇಳಿದವು. ಗೋಲಾಗುವುದು ಗೇಬ್ರಿಯಲ್ ಕೈಯಲ್ಲಿ, ಅಲ್ಲ, ತಲೆಯಲ್ಲಿದೆ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಚೆಂಡು ಇಳಿಸುವುದು ಮಾತ್ರ ಒದೆಯುವವನ ಸ್ವಂತ ಆಸ್ತಿ. ಆ ಲೆಕ್ಕದಲ್ಲಿ ಸಾಕಾ ಸುಧಾರಣೆ ಕಣ್ಣಿಗೆ ಕಾಣುವಂಥದ್ದು. ‘ಕಾರ್ನರ್‌ನಿಂದ ಉಬ್ಬಿದ ಅಂಕಿ’ ಎನ್ನುವಾಗ ನಿಮ್ಮ ಭಾವಮೈದುನ ಒಂದು ನಿಜವಾದ ಕಸುಬನ್ನೇ ಗಾಳಿ ಎನ್ನುತ್ತಿದ್ದಾರೆ. ಅದನ್ನು ವಿಂಗರ್ ಆಟದ ಖಾತೆಗೆ ಜಮಾ ಮಾಡಬಾರದು ಎಂದಷ್ಟೇ ಹೇಳಿದ್ದರೆ ನಾನು ಅವರ ಪಕ್ಷ.

ಕಾರ್ನರ್ ಗಾಳಿಯಲ್ಲ ಎಂಬುದಕ್ಕೆ ಲಂಡನ್ನಿಗೇ ಹೋಗಬೇಕಾಗಿಲ್ಲ. 2018ರ ಮಾರ್ಚ್ 17ರಂದು ನಮ್ಮ ಕಂಠೀರವ ಕ್ರೀಡಾಂಗಣದಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್, ಬೆಂಗಳೂರು ಎಫ್‌ಸಿಗೆ ಎದುರಾಗಿ ಚೆನ್ನೈಯಿನ್. ಒಂಬತ್ತನೇ ನಿಮಿಷಕ್ಕೆ ಬಲಬದಿಯಿಂದ ಉದಾಂತ ಸಿಂಗ್ ಕಳುಹಿಸಿದ ಕ್ರಾಸ್‌ಗೆ ಸುನಿಲ್ ಚೆಟ್ರಿ ಹಾರಿ ತಲೆಕೊಟ್ಟರು. ವಿಂಗರ್‌ನ ಓಟದಿಂದ ಬಂದ ಅಪ್ಪಟ ಗೋಲು. ಆಮೇಲೆ ಚೆನ್ನೈಯಿನ್ ತಂಡದ ಗ್ರೆಗರಿ ನೆಲ್ಸನ್ ಎರಡು ಕಾರ್ನರ್ ಒದ್ದರು, ಮೈಲ್ಸನ್ ಆಲ್ವೆಸ್ ಎರಡನ್ನೂ ತಲೆಯಿಂದ ಒಳಗೆ ಹಾಕಿದರು. ಕೊನೆಗೆ ಚೆನ್ನೈಯಿನ್‌ಗೆ 3–2. ಮನೆಯಂಗಳದಲ್ಲೇ ಸೋತು ಹೊರಟ ಆ ರಾತ್ರಿ ಕಸ್ತೂರಬಾ ರಸ್ತೆಯಲ್ಲಿ ಯಾರೂ ಮಾತನಾಡುತ್ತಿರಲಿಲ್ಲ. ಸರಿಯಾಗಿ ಒಂದು ವರ್ಷ, 2019ರ ಮಾರ್ಚ್ 17, ಮುಂಬೈ, ಎದುರಿಗೆ ಗೋವಾ. 116 ನಿಮಿಷ ಗೋಲಿಲ್ಲ. 117ನೇ ನಿಮಿಷಕ್ಕೆ ಡಿಮಾಸ್ ಡೆಲ್ಗಾಡೊ ಕಾರ್ನರ್, ರಾಹುಲ್ ಭೇಕೆ ಹೆಡರ್, ಕಪ್ ಬೆಂಗಳೂರಿಗೆ. ಒಂದು ಕಪ್ ಕಾರ್ನರ್‌ನಲ್ಲಿ ಹೋಯಿತು, ಇನ್ನೊಂದು ಕಾರ್ನರ್‌ನಲ್ಲೇ ಬಂತು. ಆ ಎರಡು ರಾತ್ರಿಗಳ ಮೇಲೆ ಸೆಟ್‌ಪೀಸ್ ಎಂದರೆ ಅದೃಷ್ಟ ಎನ್ನುವವರ ಜತೆ ನಾನು ವಾದಕ್ಕೆ ಇಳಿಯುವುದಿಲ್ಲ.

2024–25ರ ಬಗ್ಗೆಯೂ ಒಂದು ಮಾತು, ಏಕೆಂದರೆ ನಿಮ್ಮ ಭಾವಮೈದುನ ಅದನ್ನೇ ಹಿಡಿದುಕೊಂಡಿರುವ ಸಾಧ್ಯತೆ ಹೆಚ್ಚು. ಆ ಲೀಗ್ ಋತುವಿನಲ್ಲಿ ಸಾಕಾ ಗೋಲು 6ಕ್ಕೆ ಇಳಿಯಿತು, ಅಸಿಸ್ಟ್ 10. ಡಿಸೆಂಬರ್‌ನಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಪಂದ್ಯದಲ್ಲಿ ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಸ್ನಾಯು) ಹರಿದು, ಶಸ್ತ್ರಚಿಕಿತ್ಸೆಯಾಗಿ, ಏಪ್ರಿಲ್ 1ರವರೆಗೆ ಹೊರಗಿದ್ದರು. ಮರಳಿದ ದಿನ ಬದಲಿ ಆಟಗಾರನಾಗಿ ಬಂದು ಫುಲ್‌ಹ್ಯಾಮ್ ವಿರುದ್ಧ ಗೋಲು ಹೊಡೆದರು, ನಿಜ. ಆದರೆ ಹ್ಯಾಮ್‌ಸ್ಟ್ರಿಂಗ್ ಗಾಯದಿಂದ ಮರಳಿದ ವಿಂಗರ್‌ನ ಮೊದಲ ತಿಂಗಳುಗಳನ್ನು ಬೆಳವಣಿಗೆಯ ಲೆಕ್ಕಕ್ಕೆ ತೆಗೆದುಕೊಳ್ಳುವುದು ಅನ್ಯಾಯ. ಓಡಲು ಕಾಲು ಸಿದ್ಧವಾಗಿರುತ್ತದೆ, ಓಡುತ್ತಿದ್ದವನು ಸರಕ್ಕನೆ ನಿಲ್ಲಲು ಮನಸ್ಸು ಸಿದ್ಧವಾಗಿರುವುದಿಲ್ಲ. ಎರಡನೆಯ ಎದುರಾಳಿಯನ್ನು ಎಳೆದುಕೊಳ್ಳಲು ಬೇಕಾದದ್ದು ಆ ನಿಲ್ಲುವಿಕೆಯೇ. ಅದಕ್ಕೂ ಮೊದಲು ಈ ಹುಡುಗ ಲೀಗ್‌ನಲ್ಲಿ ಸತತ 87 ಪಂದ್ಯ ಆಡಿದ್ದರು. ಕ್ಲಬ್‌ನ ದಾಖಲೆ ಅದು. ನನ್ನನ್ನು ಕೇಳಿದರೆ, ಹೆಮ್ಮೆಪಡುವ ದಾಖಲೆಯಲ್ಲ. ಇಪ್ಪತ್ತೊಂದು, ಇಪ್ಪತ್ತೆರಡರ ದೇಹಕ್ಕೆ ಬಿಡುವು ಕೊಡದೆ ಆಡಿಸಿದ ಸಾಲ ಎಂದೋ ಒಂದು ದಿನ ಬಡ್ಡಿ ಸಮೇತ ಬರುತ್ತದೆ.

ಮಗಳ ವಿಷಯಕ್ಕೆ ಬರುತ್ತೇನೆ. ಎಡಗಾಲಿನವಳು, ಬಲಬದಿಯಲ್ಲಿ ಆಡುವವಳು. ಬಲಮೂಲೆಯ ಕಾರ್ನರ್‌ಗೆ ಅವಳ ಕಾಲು ಸರಿಯಾದದ್ದೇ. ಕೋಚ್ ಕೊಡದಿರುವುದಕ್ಕೆ ಎರಡು ಕಾರಣ ಇರಬಹುದು. ಅವಳ ಒದೆತ ಇನ್ನೂ ಮೊದಲ ಡಿಫೆಂಡರ್‌ನನ್ನು ದಾಟುತ್ತಿಲ್ಲ, ಅಥವಾ ಒದೆಯಲು ಹೋದರೆ ಹೆಡರ್‌ಗೋ, ಹೊರಬಂದ ಚೆಂಡನ್ನು ಮತ್ತೆ ಹಿಡಿಯುವುದಕ್ಕೋ ಅವಳೇ ಬೇಕಾಗಿದ್ದಾಳೆ. ಎರಡನೆಯದಾದರೆ ಅದು ಹೊಗಳಿಕೆ. ಮೊದಲನೆಯದಾದರೆ ಅಭ್ಯಾಸದ ಮಾತು.

ಅಭ್ಯಾಸದ ಮೊದಲ ದಿನ ಗೋಲಿನ ಮುಂದೆ ಯಾರನ್ನೂ ನಿಲ್ಲಿಸಬೇಡಿ. ಹತ್ತಿರದ ಕಂಬದಿಂದ ಮೂಲೆಯತ್ತ ನಾಲ್ಕೈದು ಹೆಜ್ಜೆ ಬಂದು, ಅಲ್ಲಿ ನೀವು ಕೈ ಎತ್ತಿ ನಿಂತುಕೊಳ್ಳಿ. ಮೊದಲ ಡಿಫೆಂಡರ್ ನೀವೇ. ಗೋಲಿನ ಮುಂದಿನ 5.5 ಮೀಟರ್ ಗೆರೆಯ ಮೇಲೆ, ನಟ್ಟನಡುವೆ, ಅವಳ ಶಾಲಾ ಚೀಲ ಇಡಿ. ನಿಮ್ಮ ಕೈಯನ್ನು ದಾಟಿ ಚೀಲದಿಂದ ಎರಡು ಹೆಜ್ಜೆಯೊಳಗೆ ಬಿದ್ದದ್ದು ಮಾತ್ರ ಲೆಕ್ಕ. 30 ಮೀಟರ್ ಈ ವಯಸ್ಸಿಗೆ ದೂರವೆನಿಸಿದರೆ ಬಾವುಟದಿಂದ ಹತ್ತು ಹೆಜ್ಜೆ ಒಳಗೆ ಬಂದು ಒದೆಯಲಿ, ತಿಂಗಳಿಗೆ ಎರಡೆರಡು ಹೆಜ್ಜೆ ಹಿಂದೆ ಹೋಗಲಿ. ಓಡಿಬಂದು ಜೋರಾಗಿ ಒದೆಯುವುದರಲ್ಲಿ ಏನೂ ಇಲ್ಲ. ಎಡಗಾಲಿನ ಹೆಬ್ಬೆರಳ ಬುಡದ ಒಳಬದಿ ಚೆಂಡಿನ ಹೊರ ಅಂಚಿಗೆ ತಾಗಬೇಕು, ಒದ್ದ ಮೇಲೆ ಕಾಲು ಚೆಂಡಿನ ಬೆನ್ನಟ್ಟಿ ಹೋಗಬೇಕು. ಒಂದು ದಿನಕ್ಕೆ ಇಪ್ಪತ್ತು ಒದೆತ, ವಾರಕ್ಕೆ ಎರಡು ದಿನ, ಅದಕ್ಕಿಂತ ಹೆಚ್ಚು ಬೇಡ. ಬೆಳೆಯುವ ವಯಸ್ಸಿನ ತೊಡೆಸಂದು ನೋವು ಮಾಡಿಕೊಂಡರೆ ಋತುವೇ ಹೋಗುತ್ತದೆ. ಮೊದಲ ದಿನ ಇಪ್ಪತ್ತರಲ್ಲಿ ಮೂರು ಬಿದ್ದರೆ ಸಂತೋಷಪಡಿ.

ಹತ್ತು ಬೀಳತೊಡಗಿದಾಗ ಆ ಲೆಕ್ಕದ ಚೀಟಿ ತೆಗೆದುಕೊಂಡು ಕೋಚ್ ಬಳಿ ಹೋಗಬಹುದು. ಹೋಗಿ ಕೇಳುವುದು ಮಗಳ ಕೆಲಸ. ನೀವು ಬೇಲಿಯ ಆಚೆಯೇ ನಿಂತಿರಿ.